ಹೊಟ್ಟೆಯ ಮೇಲಿನ ಮೊಬೈಲ್

ಒಂಬತ್ತು ತಿಂಗಳ ಮೊಮ್ಮಗನಿಗೆ ವೃಷಣದ ಒಂದು ಬೀಜ ಕೆಳಗಿಳಿದಿಲ್ಲ ಎಂದು ತಿಳಿದ ದಿನದಿಂದ ಇಂದುಬಾಯಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಸೊಸೆ ನಂದಾ ಬಸುರಿಯಿದ್ದಾಗ ಗರ್ಭಸಂಸ್ಕಾರವಾಗಲಿ, ಕೂಸು ಒಳಗಿದ್ದೇ ಮಂತ್ರ ಕೇಳಲಿ ಎಂದು ದಿನಾ ಸಂಜೆ ಮೊಬೈಲ್ ಹಚ್ಚಿ ಅವಳ ಹೊಟ್ಟೆಯ ಮೇಲಿಟ್ಟವಳು ಇವಳೇ. ನಂದಾ ಬೇಡವೆಂದರೂ ಬಿಟ್ಟವಳಲ್ಲ. ಈಗ ಯಾರೋ ವಾಟ್ಸಾಪಿನಲ್ಲಿ ಮರಾಠಿಯಲ್ಲಿ ಕಳಿಸಿದ್ದರು: ಬಸುರಿಯ ಹತ್ತಿರ ಮೊಬೈಲ್ ಇದ್ದರೆ ಅದರ ಕಿರಣ ಗಂಡುಕೂಸಿನ ಬೀಜಕ್ಕೆ ತಾಗುತ್ತದಂತೆ, ಮುಂದೆ ಅವನಿಗೆ ಮಕ್ಕಳಾಗುವುದೂ ಕಷ್ಟವಂತೆ. ಕಳಿಸಿದವರ ಕೈಗೆ ಬೇರೆ ಕೆಲಸವಿರಲಿಲ್ಲವೇ!

ಕೂಸನ್ನು ಡಾಕ್ಟರಿಗೆ ತೋರಿಸಲು ಹೊರಟಾಗ ಹನ್ನೂರಿನಿಂದ ಸೊಲ್ಲಾಪುರ ಮುಟ್ಟುವತನಕ ಎಸ್‌ಟಿ ಬಸ್ಸಿನಲ್ಲಿ ನಾಲ್ಕು ಸಲ ಸೀಟು ಬದಲಿಸಿದಳು.

"ಯಾಕ್ರಿ ಅತ್ತಿ, ಆರಾಮಿಲ್ಲೇನು?" ಎಂದಳು ನಂದಾ.

"ಏನಿಲ್ಲವ್ವ, ಬಿಸಲು."

ಡಾಕ್ಟರು ಕೂಸನ್ನು ನೋಡಿ, ಸಣ್ಣ ಆಪರೇಶನ್, ವರ್ಷ ತುಂಬುವುದರೊಳಗೆ ಮಾಡಿಸಿಬಿಡಿ ಎಂದರು. ಇಂದುಬಾಯಿ ಸೆರಗು ಹಿಂಡುತ್ತ ಕೇಳಿಯೇಬಿಟ್ಟಳು.

"ಸಾಹೇಬ್ರ, ನಾ ಇಕಿ ಹೊಟ್ಟಿ ಮ್ಯಾಲ ಮೊಬೈಲ್ ಇಡತಿದ್ದೆ. ಅದರಿಂದನ ಆತೇನ್ರಿ?"

"ಇಲಿ ಮ್ಯಾಲ ಪ್ರಯೋಗ ಮಾಡ್ಯಾರ, ಆಜಿ. ಮನಷ್ಯಾರಿಗೆ ಹಿಂಗಾಗತದ ಅಂತ ಗಟ್ಟಿ ಪುರಾವೆ ಇಲ್ಲ. ಎಷ್ಟೋ ಕೂಸುಗಳಿಗೆ ಹಿಂಗಿರತದ, ಕಾರಣ ಗೊತ್ತಾಗಂಗಿಲ್ಲ. ಯಾರ ತಪ್ಪೂ ಅಲ್ಲ."

ಅಬ್ಬಾ! ಎದೆಯ ಮೇಲಿನ ಬೀಸುಗಲ್ಲು ಇಳಿದಂತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಒಂದರ ಹಿಂದೊಂದು ಎರಡು ಕಪ್ ಚಹಾ ಕುಡಿದಳು.

ವಾಪಸು ಬರುವಾಗ ಆ ಚಡಪಡಿಕೆ ನಂದಾಳಿಗೆ ಹತ್ತಿತು.

"ಅತ್ತಿ, ಮೊಬೈಲ್ ಅಲ್ಲಂದ್ರ ಮತ್ತೇನ್ರಿ? ಆರನೇ ತಿಂಗಳದಾಗ ವಾಂತಿ ಬರತದಂತ ಗುಳಿಗಿ ನುಂಗೂದು ಬಿಟ್ಟಿದ್ದೆ. ನಾನ ಮಾಡಿಕೊಂಡ್ನೇನು?"

"ಯಾರ ತಪ್ಪೂ ಅಲ್ಲ ಅಂದಾರಲ್ಲವ್ವ."

ಆ ಮಾತು ಅವಳ ಕಿವಿಗೇ ಬೀಳಲಿಲ್ಲ. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅತ್ತು ಅತ್ತು ಮುಖ ಬಾತಿತ್ತು.

ಇಂದುಬಾಯಿಯ ಗಂಡನ ಅಕ್ಕ ಗುರುಲಿಂಗಮ್ಮ ಮನೆಯ ಕಟ್ಟೆಯ ಮೇಲೆ ಕಾದೇ ಕೂತಿದ್ದಳು. ಆಕೆಯ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದಂತೆಯೇ ಸರಿ.

"ಏನಂದ ಡಾಕ್ಟರ? ಬಸುರಿದ್ದಾಗ ಇಕಿ ತಿನಬಾರದ್ದು ಏನರ ತಿಂದಿರಬೇಕು. ನಮ್ಮ ವಂಶದಾಗ ಯಾರಿಗೂ ಹಿಂಗಾಗಿಲ್ಲ."

ನಂದಾ ಕೂಸನ್ನು ಅವಚಿಕೊಂಡು ಹೊಸ್ತಿಲಲ್ಲೇ ತಲೆ ತಗ್ಗಿಸಿ ನಿಂತಳು. ಅದನ್ನು ನೋಡಿ ಇಂದುಬಾಯಿಗೆ ಸಿಟ್ಟು ನೆತ್ತಿಗೇರಿತು.

"ಇಕಿದೇನೂ ಇಲ್ಲಕ್ಕಾ. ಮೊಬೈಲ್‌ದಿಂದ ಆಗೇದ. ಬ್ಯಾಡಂದ್ರೂ ಹೊಟ್ಟಿ ಮ್ಯಾಲ ಇಟ್ಟಾಕಿ ನಾನು. ಡಾಕ್ಟರನ ಹೇಳ್ಯಾನ. ಯಾರರ ಕೇಳಿದ್ರ ಹಂಗ ಹೇಳು, ಇಂದೂನ ತಪ್ಪಂತ."

"ಅತ್ತಿ, ಡಾಕ್ಟರ್ ಹಂಗ..."

"ನೀ ಸುಮ್ನಿರು. ಒಳಗ ನಡಿ, ಕೂಸು ಹಸದದ."

ಗುರುಲಿಂಗಮ್ಮ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಇಂದುಬಾಯಿ ಅವನ್ನು ಕಾಲಿಂದ ಆಕೆಯತ್ತ ಸರಿಸಿಕೊಟ್ಟಳು.