ದಾರದ ನುಣುಪು

ಎಸೆಯುವ ದಾರಕ್ಕೆ ಉಜ್ಜಬೇಕಾದದ್ದು ಮೋಂಬತ್ತಿಯೋ ಜೇನುಮೇಣವೋ ಎಂಬ ಗಹನವಾದ ಪ್ರಶ್ನೆ ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಜೇನುಮೇಣದ ಪಕ್ಷದವನು ಸತ್ತು ಮೂರು ತಿಂಗಳಾಗಿತ್ತು. ಮೋಂಬತ್ತಿಯ ಪಕ್ಷದವನು ಬಾಗಿಲ ಮೆಟ್ಟಿಲ ಮೇಲೆ ಕೂತು, ಎದುರು ಪಕ್ಷದ ಜೇನುಮೇಣವನ್ನೇ ದಾರಕ್ಕೆ ಉಜ್ಜುತ್ತಿದ್ದ.

ಸತ್ತವನದು ಮರ ಹತ್ತಿ ಕೊಂಬೆ ಕಡಿಯುವ ಕಸುಬು. ಉಜ್ಜುತ್ತಿದ್ದವನು ಅವನ ಹೆಂಡತಿಯ ತಮ್ಮ. ಒಂಬತ್ತು ವರ್ಷ ಭಾವನ ಕೆಳಗೆ, ಅಂದರೆ ನಿಜವಾಗಿಯೂ ಕೆಳಗೆ, ನೆಲದ ಮೇಲೆ ನಿಂತು ದುಡಿದವನು. ನೆಲದವನ ಮೊದಲ ಕೆಲಸ ದಾರ ಎಸೆಯುವುದು. ತುದಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿ, ಎರಡು ಸಲ ತೂಗಿ, ಮೇಲಿನ ಗಟ್ಟಿ ಕವಲಿನ ಆಚೆ ಹಾಯಿಸಬೇಕು. ದಾರ ನುಣುಪಾಗಿದ್ದರೆ ಚೀಲ ತನ್ನ ಭಾರಕ್ಕೇ ಸರ್ರನೆ ಇಳಿಯುತ್ತದೆ. ಹತ್ತುವವನು ಚೀಲ ಬಿಚ್ಚಿ ದಾರವನ್ನು ಎರಡು ಸಲ ಜಗ್ಗುತ್ತಾನೆ: ನಿನ್ನ ತುದಿಗೆ ಹತ್ತುವ ಹಗ್ಗ ಕಟ್ಟು ಎಂದರ್ಥ. ಆದರೆ ತೊಗಟೆಗೆ ಸವೆದು ದಾರದಲ್ಲಿ ಜುಂಗೆದ್ದರೆ, ಅದು ನಡುವೆ ಸಿಕ್ಕ ಕೈಲಾಗದ ಕವಲನ್ನು ತಬ್ಬಿಕೊಂಡು ಕೂರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಮೇಣ.

ಕಡೆಯ ದಿನ, ಶಾಲೆಯ ಮರದಿಂದ ಬಿದ್ದು ಸಾಯುವ ಮುಂಚೆ, ಭಾವ ಕೇಳಿದ್ದ, ಮೇಣ ಹಚ್ಚಿದೆಯಾ ಅಂತ. ಹಚ್ಚಿದೀನಿ ಅಂದಿದ್ದ ಇವನು. ಹಚ್ಚಿರಲಿಲ್ಲ. ಪ್ರಪಂಚದಲ್ಲಿ ಈಗ ಇದನ್ನು ಬಲ್ಲವನು ಇವನೊಬ್ಬನೇ.

"ಇನ್ನೂ ಎಷ್ಟು ಉಜ್ಜುತ್ತೀಯೋ?" ಅಕ್ಕ ಒಳಗಿನಿಂದ ಬಂದಳು. "ಅದರ ಮೇಲೆ ನೊಣ ಕೂತರೂ ಜಾರಿ ಸೊಂಟ ಮುರ್ಕೊಳ್ಳುತ್ತೆ."

"ಸ್ವಲ್ಪ ಬಾಕಿ ಇದೆ ಅಕ್ಕ."

"ದಿನಾ ಸ್ವಲ್ಪ ಬಾಕಿ. ಚಿಲಕ ಹಿಡಿದ್ರೆ ಜಾರುತ್ತೆ, ಲೋಟ ಹಿಡಿದ್ರೆ ಜಾರುತ್ತೆ. ನಾಳೆ ನೀನೇ ಮಂಚದಿಂದ ಜಾರ್ತೀಯ."

ಅವನು ನಗಲಿಲ್ಲ. ಬೆರಳಿಗೆ ಸುತ್ತಿದ ದಾರ ಎರಡು ಸಲ ಜಗ್ಗಿತ್ತು. ಇನ್ನೊಂದು ತುದಿ ಅವನ ಕಾಲ ಬಳಿಯೇ ಸುರುಳಿಯಾಗಿ ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಇದು ಮೊದಲ ಸಲವೇನಲ್ಲ. ಬೀದಿಯಲ್ಲಿ ಅವನು ಕವಲುಗಳನ್ನು ನೋಡುತ್ತ ಕತ್ತೆತ್ತಿಕೊಂಡೇ ನಡೆಯುತ್ತಿದ್ದ, ದೀಪದ ಕಂಬಗಳಿಗೆ ಡಿಕ್ಕಿ ಹೊಡೆದು ಕ್ಷಮೆ ಕೇಳುತ್ತಿದ್ದ.

"ಶಾಲೆಯವರು ಬಂದಿದ್ರು," ಎಂದಳು ಅಕ್ಕ. "ಮುರಿದ ಕೊಂಬೆ ಆ ಮರದಲ್ಲಿ ಇನ್ನೂ ನೇತಾಡ್ತಾ ಇದೆಯಂತೆ. ಮಕ್ಕಳನ್ನ ಆ ಕಡೆ ಬಿಡೋಕೆ ಭಯ. ಭಾನುವಾರ ಬರ್ತೀವಿ ಅಂದೆ."

"ಯಾರು ಹತ್ತೋದು?"

"ನಾನು."

"ಅಕ್ಕ..."

"ಮದುವೆಗೆ ಮುಂಚೆ ಅಪ್ಪನ ಜತೆ ಹತ್ತುತ್ತಿದ್ದೋರು ಯಾರು, ನೀನಾ? ನಿನಗೆ ಸ್ಟೂಲ್ ಹತ್ತಿದ್ರೆ ತಲೆ ಸುತ್ತುತ್ತೆ. ನೀನು ದಾರ ಎಸಿ, ಸಾಕು."

ಭಾನುವಾರದವರೆಗೆ ಅವನಿಗೆ ಮೂರು ದಿನ ಸಿಕ್ಕಿತು. ಹೇಳಿಬಿಡಬೇಕೆಂದು ಮೂರು ದಿನವೂ ಅಡುಗೆಮನೆಯ ಬಾಗಿಲವರೆಗೆ ಹೋದ. ಹೇಳಿದರೆ ಅಕ್ಕ ತನ್ನವಳಾಗಿ ಉಳಿಯುವುದಿಲ್ಲ. ಅಕ್ಕನ ಹೊರತು ಅವನಿಗೆ ಯಾರೂ ಇರಲಿಲ್ಲ. ಮೂರು ಸಲವೂ ನೀರು ಕುಡಿದು ವಾಪಸು ಬಂದ.

ಶಾಲೆಯ ಕಾವಲುಗಾರ ಗೇಟು ತೆಗೆದು, ಮರ ಕಾಣದ ಕಡೆ ಕುರ್ಚಿ ಹಾಕಿಕೊಂಡು ಕೂತ. ಕೊಂಬೆ ಒಂದಿಷ್ಟು ತೊಗಟೆಯ ಆಸರೆಯಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಎಲೆಗಳು ಒಣಗಿದ್ದರೂ ಉದುರಿರಲಿಲ್ಲ. ಅಕ್ಕ ಗಂಡನ ನಡುಪಟ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು ಬಿಗಿದುಕೊಂಡಿದ್ದಳು. ಆ ಕೊಂಬೆಯತ್ತ ಒಮ್ಮೆ ನೋಡಿ, ಮತ್ತೆ ನೋಡಲಿಲ್ಲ.

ಅವನು ಎಸೆದ. ಒಂಬತ್ತು ವರ್ಷದಲ್ಲಿ ಅವನ ಕೈಯಿಂದ ಅಂಥ ಎಸೆತ ಬಂದಿರಲಿಲ್ಲ. ಚೀಲ ಎಲ್ಲಕ್ಕಿಂತ ಮೇಲಿನ ಕವಲನ್ನು ಹಾಯ್ದು, ಎಲ್ಲೂ ತಡೆಯದೆ, ಸದ್ದಿಲ್ಲದೆ ಇಳಿಯಿತು. ಗಾಳಿ ಇರಲಿಲ್ಲ. ಚೀಲ ಇನ್ನೂ ಆಳೆತ್ತರದಲ್ಲಿ ತೂಗುತ್ತಿತ್ತು, ಅಕ್ಕ ಅದನ್ನು ಹಿಡಿದಿರಲಿಲ್ಲ. ಅವನ ಕೈಯಲ್ಲಿ ದಾರ ಎರಡು ಸಲ ಜಗ್ಗಿತು.

"ಹಗ್ಗ ಕಟ್ಟೋ," ಎಂದಳು ಅಕ್ಕ. "ನಿದ್ದೆ ಬಂತಾ?"

"ಅವತ್ತು ನಾನು ಮೇಣ ಹಚ್ಚಿರಲಿಲ್ಲ ಅಕ್ಕ."

ಅಕ್ಕ ಚೀಲಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

"ಹಚ್ಚಿದೀನಿ ಅಂತ ಸುಳ್ಳು ಹೇಳಿದೆ. ದಾರ ಕೆಳಗಿನ ಕವಲಲ್ಲಿ ಸಿಕ್ಕಿಕೊಂಡ್ತು. ಭಾವ ಇನ್ನೊಂದು ಸಲ ಎಸಿ ಅಂದ್ರು. ಎಳೆದು ಬಿಡಿಸೋಕೆ ಅವರು ಕೈ ಹಾಕಿದ್ರೆ ಜುಂಗು ಗೊತ್ತಾಗೋದು. ಅದಕ್ಕೆ, ಸಾಕು ಭಾವ, ಕವಲು ಗಟ್ಟಿ ಇದೆ ಅಂದೆ."

"ಗಟ್ಟಿ ಇತ್ತಾ?"

"ಅರ್ಧ ಗಂಟೆ ಇತ್ತು."

ಕಾವಲುಗಾರನ ಕುರ್ಚಿ ಕಿರುಗುಟ್ಟಿತು. ಅಕ್ಕ ನಡುಪಟ್ಟಿಯ ಹೊಸ ತೂತನ್ನು ಹೆಬ್ಬೆರಳಿಂದ ಒತ್ತುತ್ತ ನಿಂತಿದ್ದಳು.

"ಯಾಕೆ ಹಚ್ಚಲಿಲ್ಲ?"

ಏನಾದರೊಂದು ದೊಡ್ಡ ಕಾರಣವಿದ್ದಿದ್ದರೆ ಅವನಿಗೂ ಅನುಕೂಲವಾಗುತ್ತಿತ್ತು. ಜ್ವರ, ಜಗಳ, ಏನಾದರೂ.

"ಮ್ಯಾಚ್ ನೋಡ್ತಾ ಕೂತಿದ್ದೆ."

"ಗೆದ್ರಾ?"

"ಯಾರು?"

"ಮ್ಯಾಚಲ್ಲಿ."

"ಇಲ್ಲ ಅಕ್ಕ. ಸೋತ್ರು."

ಅವಳು ತಲೆಯಾಡಿಸಿದಳು, ಆ ಸುದ್ದಿಯೂ ಗೊತ್ತಿರಬೇಕಾದದ್ದೇ ಎಂಬಂತೆ. ಆಮೇಲೆ ಅವನ ಕೈಯಿಂದ ದಾರ ತೆಗೆದುಕೊಂಡು, ಅವನ ಆ ಅಪರೂಪದ ಎಸೆತವನ್ನು ಪೂರ್ತಿ ಕೆಳಗೆ ಎಳೆದುಹಾಕಿದಳು. ಸಾವಧಾನವಾಗಿ ಸುರುಳಿ ಸುತ್ತಿದಳು. ತಾನೇ ಎಸೆದಳು.

ಮೊದಲನೆಯದು ಬೊಡ್ಡೆಗೆ ಬಡಿಯಿತು. ಎರಡನೆಯದು ಬೊಡ್ಡೆಯನ್ನೂ ತಲುಪಲಿಲ್ಲ. ಐದನೆಯದು ಅವಳ ಹಿಂದಕ್ಕೇ ಹಾರಿತು. "ಮೊಣಕೈ ಸ್ವಲ್ಪ..." ಎಂದ ಅವನು.

"ದೂರ ನಿಲ್ಲು."

ಅವನು ದೂರ ನಿಂತ. ಹದಿನಾಲ್ಕನೆಯದು ಮೇಲಿನ ಕವಲನ್ನು ದಾಟಿ ಇಳಿಯಿತು. ಅವಳೇ ಹಗ್ಗ ಕಟ್ಟಿ ಮೇಲೆಳೆದಳು. ಹಗ್ಗಕ್ಕೆ ತನ್ನ ಪೂರಾ ಭಾರ ಬಿಟ್ಟು ಜೋತುಬಿದ್ದು, ಕವಲನ್ನು ಬಹಳ ಹೊತ್ತು ದಿಟ್ಟಿಸಿ, ಮತ್ತೆ ಜೋತುಬಿದ್ದಳು.

"ಕೊಂಬೆ ಇಳಿಸೋ ಹಗ್ಗ ನೀನು ಹಿಡ್ಕೊ," ಎಂದಳು ಅವನತ್ತ ತಿರುಗದೆ. "ಬೇರೆ ಯಾರೂ ಇಲ್ಲ."

ಹತ್ತಿದಳು.

ಕೊಂಬೆ ಮಧ್ಯಾಹ್ನದೊಳಗೆ ಇಳಿಯಿತು. ಮನೆಯಲ್ಲಿ ಅವಳು ಎಂದಿನಂತೆ ಅವನಿಗೆ ಬಡಿಸಿದಳು. ಅಂದಿನಿಂದ ತನ್ನ ದಾರವನ್ನು ಅವಳೇ ಎಸೆಯುತ್ತಾಳೆ.