ಬ್ರೇಕಿಗೂ ಅದೇ ಎಣ್ಣೆ

ಕಲ್ಲಿನ ಕ್ವಾರಿಯಲ್ಲಿ ಅಣ್ಣ ತಮ್ಮ ಸೇರಿ ಒಂದು ಲೋಡರ್ ನಡೆಸುತ್ತಿದ್ದರು. ಓಡಿಸುವುದು ಅಣ್ಣ, ಎಣ್ಣೆ-ನೀರು ನೋಡಿಕೊಳ್ಳುವುದು ತಮ್ಮ. ಅಣ್ಣ ಸೀಟಿನಲ್ಲಿ ಕೂತರೆ ಅಷ್ಟು ದೊಡ್ಡ ಯಂತ್ರವೂ ಸಾಕಿದ ಎತ್ತಿನ ಹಾಗೆ ಮಾತು ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅದರ ಕಲ್ಲು ತುಂಬುವ ಬಕೆಟ್ ಏಳಲು ತಿಣುಕಿತು. ಬಕೆಟ್ ಎತ್ತುವ ಆಯಿಲ್ ಹರಿಯುವ ಹೈಡ್ರಾಲಿಕ್ ಪೈಪು ಸೋರಿ ಕೆಳಗಿನ ಮಣ್ಣೆಲ್ಲ ಒದ್ದೆ. ತಮ್ಮ ಪೈಪೇನೋ ಬದಲಾಯಿಸಿದ. ಆದರೆ ತುಂಬಿಸಲು ಸರಿಯಾದ ಆಯಿಲ್ ಇರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಲಾರಿಯ ಎಂಜಿನ್ ಆಯಿಲ್ ಇತ್ತು. ಅದನ್ನೇ ಎತ್ತಿಕೊಂಡು ಬಂದ.

ಪಕ್ಕದ ಯಂತ್ರದ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಇದನ್ನು ನೋಡಿದ. ಅವನನ್ನು ಎಲ್ಲರೂ ಸ್ಪ್ಯಾನರ್ ಮಾವ ಅನ್ನುತ್ತಿದ್ದರು.

"ಏನೋ ಅದು, ಎಂಜಿನ್ ಆಯಿಲ್ ಸುರೀತಿದ್ದೀಯಾ?"

"ಎಣ್ಣೆ ಅಂದ್ರೆ ಎಣ್ಣೆ ಮಾವ. ಜಾರಿದ್ರೆ ಸಾಕು."

"ಜಾರೋದೇ ತೊಂದ್ರೆ ಕಣೋ! ನಿಮ್ಮ ಈ ಯಂತ್ರದಲ್ಲಿ ಬಕೆಟ್ಟಿಗೂ ಗೇರಿಗೂ ಬ್ರೇಕಿಗೂ ಒಂದೇ ಆಯಿಲ್. ಚಕ್ರ ಹಿಡಿದು ನಿಲ್ಲಿಸೋ ಬ್ರೇಕ್ ಪ್ಲೇಟುಗಳು ಅದರಲ್ಲೇ ಮುಳುಗಿರ್ತವೆ. ಅಲ್ಲಿ ಜಾರಬಾರದು, ಹಿಡೀಬೇಕು. ಅದಕ್ಕಂತಲೇ ಮಾಡಿದ ಆಯಿಲ್ ಬೇರೆ ಇದೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಯಂತ್ರಕ್ಕೂ ಅಷ್ಟೇ."

"ಸರಿ ಮಾವ, ನಾಳೆ ತಂದು ಬದಲಾಯಿಸ್ತೀನಿ. ಇವತ್ತು ಲಾರಿಗಳು ಸಾಲಾಗಿ ಕಾಯ್ತಿವೆ."

ಆ ನಾಳೆ ಬರಲೇ ಇಲ್ಲ. ಬಕೆಟ್ ಚೆನ್ನಾಗಿಯೇ ಏಳುತ್ತಿತ್ತು, ತಮ್ಮ ಸುಮ್ಮನಾದ. ಕೆಲವು ದಿನಗಳ ಮೇಲೆ ಅಣ್ಣ ಕೇಳಿದ: "ಬ್ರೇಕ್ ಯಾಕೋ ಕಿರುಗುಟ್ಟುತ್ತಿದೆ ಕಣೋ. ಏನಾದ್ರೂ ಬದಲಾಯಿಸಿದ್ಯಾ?"

ತಮ್ಮ ಬಗ್ಗಿ ಚಕ್ರ ನೋಡುವ ಹಾಗೆ ಮಾಡಿದ. "ಇಲ್ಲಣ್ಣ, ಧೂಳು ಕೂತಿರಬೇಕು" ಅಂದುಬಿಟ್ಟ.

ಆ ಮಧ್ಯಾಹ್ನ ಅಣ್ಣ ಬಕೆಟ್ ತುಂಬ ಕಲ್ಲು ಹೊತ್ತು ಇಳಿಜಾರು ಇಳಿಯುತ್ತಿದ್ದ. ಬ್ರೇಕ್ ತುಳಿದ. ನಿಲ್ಲಲಿಲ್ಲ. ಮತ್ತೆ ತುಳಿದ. ಕೆಳಗೆ ನೆರಳಿನಲ್ಲಿ ಕಲ್ಲು ಒಡೆಯುವ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಅಣ್ಣ ಹಾರಿಕೊಳ್ಳಬಹುದಿತ್ತು. ಹಾರಲಿಲ್ಲ. ಸ್ಟಿಯರಿಂಗ್ ತಿರುಗಿಸಿ ಲೋಡರನ್ನು ಬಂಡೆಗೆ ಗುದ್ದಿಸಿದ.

ಹೆಂಗಸರು ಉಳಿದರು. ನುಜ್ಜಾದ ಕ್ಯಾಬಿನ್ನಿನಲ್ಲಿ ಅಣ್ಣನ ಬಲಗಾಲು ಸಿಕ್ಕಿಕೊಂಡಿತ್ತು.

ಕಾಲು ಉಳಿಸಲಾಗಲಿಲ್ಲ ಎಂದರು ಡಾಕ್ಟರು. ನರ್ಸ್ ಕೊಟ್ಟ ಚೀಲದಲ್ಲಿ ಅಣ್ಣನ ಎರಡೂ ಶೂ ಇದ್ದವು. ಅತ್ತಿಗೆ ಒಂದನ್ನು ಹೊರಗೆ ತೆಗೆದಳು, ನೋಡಿದಳು, ಮತ್ತೆ ಒಳಗಿಟ್ಟಳು.

"ಅತ್ತಿಗೆ, ತಪ್ಪು ನಂದು" ಎಂದು ತಮ್ಮ ಎಲ್ಲವನ್ನೂ ಹೇಳಿದ. ಅವಳು ಚೀಲ ಎತ್ತಿಕೊಂಡು ಒಳಗೆ ಗಂಡನ ಹತ್ತಿರ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅಣ್ಣ ಮನೆಗೆ ಬಂದ ಮೇಲೆ ತಮ್ಮ ಹೇಳಿದ: "ಆ ಹಾಳು ಯಂತ್ರ ಮಾರಿಬಿಡೋಣ ಅಣ್ಣ."

ಅತ್ತಿಗೆಯಿಂದ ವಿಷಯ ತಿಳಿದಿದ್ದ ಅಣ್ಣ ಗೋಡೆ ಕಡೆ ತಿರುಗಿ ಮಲಗಿದ್ದ. ಹಾಗೇ ಹೇಳಿದ: "ಕೊಂಡವನೂ ಯಾರಿಗೋ ಅಣ್ಣ ಆಗಿರ್ತಾನೆ. ಒಳಗಿರೋ ಆಯಿಲ್ ತೆಗೀದೆ ಅದನ್ನ ಯಾರ ಕೈಗೂ ಕೊಡಬೇಡ."

ಸ್ಪ್ಯಾನರ್ ಮಾವ ಬಂದು ಬಿಚ್ಚಿದ. ಆಯಿಲ್ ಸುಟ್ಟ ವಾಸನೆ ಹೊಡೆಯುತ್ತಿತ್ತು. ಬ್ರೇಕ್ ಪ್ಲೇಟುಗಳು ಸವೆದು ಕನ್ನಡಿಯಂತೆ ನುಣುಪಾಗಿದ್ದವು. ಹಳೆಯದನ್ನೆಲ್ಲ ಬಸಿದು, ಫಿಲ್ಟರು, ಪ್ಲೇಟು ಹೊಸದು ಹಾಕಿದ. ಆಯಿಲ್ ಸುರಿಯುವ ಮುಂಚೆ ಅತ್ತಿಗೆ ತಡೆದಳು.

"ಯಂತ್ರದ ಪುಸ್ತಕದಲ್ಲಿ ಹೇಳಿರೋದೂ ಈ ಡಬ್ಬದ ಮೇಲಿರೋದೂ ಒಂದೇನಾ ಮಾವ?"

"ಒಂದೇ ತಾಯಿ, ನೀನೇ ನೋಡು."

ಅವಳು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. "ಹಾಗಾದ್ರೆ ಹಾಕಿ."

ಯಂತ್ರ ಮಾರಲಿಲ್ಲ, ನುಜ್ಜಾದ ಕ್ಯಾಬಿನ್ ಸರಿಮಾಡಿಸಿದರು; ಅಣ್ಣನ ಸೀಟಿನಲ್ಲಿ ಈಗ ತಮ್ಮ ಕೂರುತ್ತಾನೆ. ಸಂಜೆ ಲೋಡರಿನ ಸದ್ದು ಕೇಳಿದರೆ ಅಣ್ಣ ಕಿಟಕಿ ಮುಚ್ಚಿಕೊಳ್ಳುತ್ತಾನೆ.

ಯಂತ್ರ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಎಲ್ಲ ಎಣ್ಣೆಯೂ ಒಂದಲ್ಲ. ನಿಮ್ಮ ಯಂತ್ರದ ಪುಸ್ತಕ ಹೇಳಿದ ಆಯಿಲನ್ನೇ ಹಾಕಿ. ಒಂದರ ಜೊತೆ ಇನ್ನೊಂದನ್ನು ಬೆರೆಸಬೇಡಿ. ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಿ. ತಪ್ಪಾಗಿ ಹಾಕಿದ್ದರೆ ಮುಚ್ಚಿಡದೆ ಹೇಳಿ, ಯಂತ್ರ ನಿಲ್ಲಿಸಿ, ಎಲ್ಲವನ್ನೂ ಬಸಿಯಿರಿ. ಬ್ರೇಕ್ ಸದ್ದು ಮಾಡಿದರೆ, ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಯಂತ್ರ ನಿಲ್ಲಿಸಿ ಇಳಿಯಿರಿ. ಲೋಡರಿಗೆ ಅಂಗಡಿಯಲ್ಲಿ ಹೊಸ ಪ್ಲೇಟು ಸಿಕ್ಕಿತು. ಅಣ್ಣನ ಕಾಲು ಯಾವ ಅಂಗಡಿಯಲ್ಲೂ ಸಿಗಲಿಲ್ಲ.