ದಿಗಂಬರ ಬಿಗಿದ ಬೋಲ್ಟು

ಮೂವತ್ತೆರಡು ವರ್ಷ ತೂಕ-ಅಳತಿ ಇಲಾಖೆದಾಗ ಇನ್ಸ್‌ಪೆಕ್ಟರ್ ಆಗಿ ದುಡಿದಾಂವ ನಾನು, ಬಸಲಿಂಗಪ್ಪ. ತಕ್ಕಡಿ ತಳಕ್ಕ ಹುಣಸಿಹಣ್ಣು ಅಂಟಿಸಿದವರನ್ನ ಹಿಡದೀನಿ, ತೂಕದ ಕಲ್ಲಿನ ಹೊಟ್ಟಿ ಕೊರದವರನ್ನ ಹಿಡದೀನಿ. ಯಾರರೆ 'ಚಿಂತಿ ಮಾಡಬ್ಯಾಡ್ರಿ' ಅಂದ್ರ ಸಾಕು, ನನಗ ಚಿಂತಿ ಸುರುವಾಗ್ತೈತಿ.

ಆಟೋ ನಗರದಾಗ ಗಾಡಿ ಒಳಗಿನ ಕೆಲಸ ಮಾಡೂ ದಿಗಂಬರ ಅದನ್ನ ಅಂದ.

ನಮ್ಮದೊಂದು ಹಳೇ ಟೆಂಪೋ ಟ್ರಾವೆಲರ್ ಐತಿ. ನನ್ನ ಹೆಂಡತಿ ಕಾಂತಾನ ಎರಡೂ ಮೊಣಕಾಲು ಆಪರೇಷನ್ ಆಗ್ಯಾವ. ಬಾಳೊತ್ತು ಕಾಲು ಮಡಚಿ ಕುಂದರಾಕ ಆಗೂದಿಲ್ಲ. ನಂದಗಡದ ತವರಿಗೆ ಹೋಗಿ ವರ್ಷಾತು. ಅದಕ್ಕ ಸೀಟು ಕಿತ್ತಿಸಿ ಹಾಸಿಗಿ, ಸಣ್ಣ ಅಡಗಿಕಟ್ಟಿ, ನಡುವ ಒಂದು ಗ್ವಾಡಿ ಮಾಡಿಸಿದೆ. ಆಕಿ ಮಲಕೊಂಡು ನೋಡಾಕ ಆ ಗ್ವಾಡಿಗೆ ಟಿವಿ ಬೇಕಾತು. ಸರಿಯಾಗಿ ಆಕಿ ಕಾಲಿನ ಮ್ಯಾಲೆ ಬರ್ತೈತಿ ಅದು. ಬಿದ್ರ ಮತ್ತ ಆಸ್ಪತ್ರೀನ.

ದಿಗಂಬರ ಬೆರಳಲೆ ಗ್ವಾಡಿ ಬಡದು ನೋಡಿದ. "ಕಾಕಾ, ತೆಳು ಪ್ಲೈವುಡ್ ಐತಿ, ಬರೇ ಸ್ಕ್ರೂ ಹಿಡಿಯಂಗಿಲ್ರಿ. ಹಿಂದಿನ ಬಾಜೂಕ ದಪ್ಪ ಹಲಗಿ ಕೊಟ್ಟು ಟಿವಿ ಹಿಡಿಯೂ ಕಬ್ಬಿಣದ ಪಟ್ಟಿಗೆ ನಾಕು ಬೋಲ್ಟು ಆರಪಾರ ಹಾಕ್ತೀನಿ. ಹಲಗಿ ಮ್ಯಾಲೆ ಬಿಳೇ ಶೀಟು ಅಂಟಸ್ತೀನಿ. ಗಾಡಿ ಬಿಟ್ಟ ಹೋಗ್ರಿ, ಚಿಂತಿ ಮಾಡಬ್ಯಾಡ್ರಿ."

ಶೀಟು ಯಾಕ? ಮುಚ್ಚಾಕ! ಒಳಗ ಹಣ್ಣಿನ ಪೆಟಗಿ ಹಲಗಿ ಹಾಕಿದ್ರ ಯಾರಿಗೆ ಕಾಣಬೇಕು? ನಾ ಅಲ್ಲೇ ಕುಂತೆ. ನಡುವ ಅವನಿಗೆ ಫೋನ್ ಬಂತು, ಮರಾಠ್ಯಾಗ ಮಾತಾಡಿದ. ನನಗೂ ಮರಾಠಿ ಬರ್ತೈತಿ, ಕಿವಿಗೊಟ್ಟು ಕೇಳಿದೆ: ಖಾನಾಪುರದ ಮನಿಗೆ ಹಾಲು ತರೂ ಮಾತು. ಅದೂ ನಾಟಕನ ಇರಬಹುದು. ಮಧ್ಯಾಹ್ನ ಊಟ ಮಾಡಿ ಬರೂದ್ರಾಗ ಹಲಗಿ ಕೂಡಿಸಿ ಶೀಟು ಅಂಟಿಸಿ ಮುಗಿಸಿದ್ದ. ನೋಡ್ರಿ! ನಾನಿಲ್ಲದ ಹೊತ್ತ ಬೇಕಾಗಿತ್ತನು ಇವಗ?

ಮಹಾಂತೇಶ ನಗರದ ಮನಿಗೆ ಗಾಡಿ ತಂದ ಮ್ಯಾಲೂ ತಲ್ಯಾಗ ಅದ ಹುಳ. ಶನಿವಾರ ಮುಂಜಾನೆ ಕಾಂತಾ ಲಿಂಗಪೂಜಿ ಮಾಡುವಾಗ ನಟ್ಟು ಬಿಚ್ಚೂ ಪಾನಾ ತಗೊಂಡು ಗಾಡಿ ಹತ್ತಿದೆ. ಟಿವಿ ಇಳಿಸಿ, ಒಂದು ಬೋಲ್ಟು ಬಿಚ್ಚಿ ತೂತಿನ್ಯಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಚಲೋ ಹಲಗಿ. ಒಂದ ಕಡೆ ಚಲೋದು ಇಟ್ಟು ಉಳಿದ ಕಡೆ ಕಸ ಇಡವರನ್ನೂ ನಾ ಕಂಡೀನಿ, ನಾಕೂ ಬಿಚ್ಚಿದೆ. ನಾಕೂ ಕಡೆ ಚಲೋನ. ಖುಷಿ ಆಗಬೇಕಿತ್ತು, ಸಿಟ್ಟು ಬಂತು.

ಬಿಚ್ಚೂದು ಒಬ್ಬಾತಗ ಬಂತು, ಬಿಗಿಯೂದು ಬರಲಿಲ್ಲ. ಗ್ವಾಡಿ ಆ ಬಾಜೂ ಒಬ್ಬರು ಬೋಲ್ಟು ಹಿಡೀಬೇಕು, ಈ ಬಾಜೂ ಒಬ್ಬರು ನಟ್ಟು ತಿರುವಬೇಕು. ಕಾಂತಾನ್ನ ಕರದ್ರ 'ಯಾಕ ಬಿಚ್ಚಿದ್ರಿ' ಅಂತಾಳ. ಬೆರಳಲೆ ಎಷ್ಟು ಬಂತೋ ಅಷ್ಟು ಬಿಗಿದು, ಟಿವಿ ತೂಗಹಾಕಿ ಸುಮ್ಮನ ಇಳದೆ.

ರವಿವಾರ ಹೊಂಟ್ವಿ. ನಾನ ಗಾಡಿ ಹೊಡಿತಿದ್ದೆ, ಕಾಂತಾ ಹಿಂದ ಕಾಲು ಚಾಚಿ ಮಲಗಿದ್ಲು. ಖಾನಾಪುರ ದಾಟಿ ನಂದಗಡದ ರಸ್ತಾಕ ಬಿದ್ದಾಗ ಗಾಲಿ ಒಂದು ತಗ್ಗಿನ್ಯಾಗ ಇಳೀತು. ಹಿಂದ ಧಡ್ ಅಂತು. ಕಾಂತಾ ಚೀರಿದ್ಲು.

ಮೊಣಕಾಲು ಉಳದಿದ್ವು, ಪುಣ್ಯಾ. ಟಿವಿ ಬಿದ್ದು ಪಾದ ಬಾತು ರಕ್ತ ಒಸರತಿತ್ತು. "ಆ ದಿಗಂಬರಗ ಫೋನ್ ಹಚ್ರಿ! ಏನು ಮಾಡಿಟ್ಟಾನ ನೋಡ್ಲಿ ಬಂದು" ಅಂತ ಅಳಾಕತ್ಲು. ನಾ ಹಚ್ಚಲಿಲ್ಲ, ಆಕೀನ ಹಚ್ಚಿದ್ಲು.

ಸೂಟಿ ದಿನ, ದಿಗಂಬರ ಖಾನಾಪುರದ ಮನ್ಯಾಗ ಇದ್ದ. ಬೈಕ್ ಮ್ಯಾಲೆ ಓಡಿ ಬಂದು ಆಕಿ ಪಾದ ನೋಡಿದ, ಮಾರಿ ಸಪ್ಪಗಾತು. "ಕಾಕು, ತಪ್ಪು ನಂದ ರೀ. ನಾ ಬಿಗಿದಿದ್ದು ಸಾಲಿಲ್ಲ ಕಾಣ್ತೈತಿ. ಹದಿನೈದು ವರ್ಷದಾಗ ಹಿಂಗಾಗಿದ್ದಿಲ್ರಿ." ಕೈ ಮುಗಿದ.

ನಾ ಸುಮ್ಮನಿದ್ರ ಅಲ್ಲಿಗೇ ಮುಗೀತಿತ್ತು. ಖರೇ ಹೇಳ್ತೀನಿ, ಒಂದು ಗಳಿಗಿ ಸುಮ್ಮನ ಇದ್ದೆ. ನನ್ನಂಥ ಮೋಸಗಾರರನ್ನ ಹಿಡೀಲಿ ಅಂತ ಸರಕಾರ ನನಗ ಪಗಾರ ಕೊಟ್ಟಿತ್ತು. ಥೂ!

"ಬೋಲ್ಟು ನಾನ ಬಿಚ್ಚಿದ್ದೆ" ಅಂದೆ. "ಒಳಗ ಏನು ಹಾಕೀ ನೋಡಾಕ."

ದಿಗಂಬರ ಬೈಕಿನಿಂದ ಪಾನಾ ತಂದು "ಆ ಬಾಜೂ ಹಿಡೀರಿ ಕಾಕಾ" ಅಂದ. ಹಿಡದೆ. ಪಟ್ಟಿ ಮತ್ತ ಬಿಗಿದ, ಒಡದ ಟಿವಿ ಬಾಜೂಕ ಇಟ್ಟ, ಕಾಂತಾನ ಪಾದಕ್ಕ ಅರಿವಿ ಕಟ್ಟಿ ಹೋದ.

ಕಾಂತಾ ಕುಂಟಕೋತ ಬಂದು ಮುಂದಿನ ಸೀಟಿನ್ಯಾಗ ಕುಂತ್ಲು. ಮೊಣಕಾಲು ಮಡಚಿದ ತ್ರಾಸಿಗೆ ತುಟಿ ಕಚ್ಚಿದ್ಲು.

"ಹಿಂದ ಮಲಕೋ ಹೋಗ. ಈಗ ಅವನ ಬಿಗಿದಾನಲ್ಲ" ಅಂದೆ.

"ಅವನ ಮ್ಯಾಲೆ ನನಗ ಸಂಶೆ ಇಲ್ಲ" ಅಂದ್ಲು. "ನಿಮ್ಮ ಕೈ ನನ್ನ ಕಣ್ಣ ಮುಂದಿರ್ಲಿ."

ನಂದಗಡ ಬರೂಮಟಾ ಆಕಿ ರಸ್ತಾ ನೋಡಲಿಲ್ಲ. ಸ್ಟಿಯರಿಂಗ್ ಮ್ಯಾಲಿದ್ದ ನನ್ನ ಕೈನ ನೋಡ್ಕೋತ ಬಂದ್ಲು.